ಕಟ್ಟೆಯ ಮಾತನ್ನು ತಳ್ಳಿಹಾಕುವವರಿಗೆ

ಹಾಲಿನ ಡೇರಿಯ ಮುಂದೆ, ಹೋಟೆಲಿನ ಬೆಂಚಿನ ಮೇಲೆ, ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಜನ ಆಡುವ ರಾಜಕೀಯದ ಮಾತು ಬರೀ ಹರಟೆ, ಪ್ರಜಾಪ್ರಭುತ್ವಕ್ಕೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎನ್ನುವವರು ವಿದ್ವಾಂಸರಲ್ಲೂ ಇದ್ದಾರೆ, ಅಧಿಕಾರಿಗಳಲ್ಲೂ ಇದ್ದಾರೆ. ಅವರ ವಾದಗಳು ಒಟ್ಟಿಗೆ ಕೇಳಿದಾಗ ಗಟ್ಟಿ ಎನಿಸುತ್ತವೆ. ಬಿಡಿಸಿ ನೋಡೋಣ.

ಮೊದಲನೆಯದು ಅಮೆರಿಕದ ವಿದ್ವಾಂಸ ಮೈಕೇಲ್ ಶಡ್ಸನ್ 1997ರಲ್ಲಿ ಮಂಡಿಸಿದ್ದು. ಸಲುಗೆಯ ಮಾತುಕತೆ ಪ್ರಜಾಪ್ರಭುತ್ವದ ಜೀವಾಳವಲ್ಲ. ನಿಯಮಕ್ಕೆ ಒಳಪಟ್ಟು, ಮುಜುಗರ ಸಹಿಸಿ, ಸಮಸ್ಯೆ ಬಗೆಹರಿಸಲು ನಾಲ್ಕು ಜನರ ಮುಂದೆ ಆಡುವ ಮಾತೇ ಮುಖ್ಯ ಎನ್ನುತ್ತಾರೆ ಅವರು. ಸಮಸ್ಯೆ ಬಗೆಹರಿಸಲು ಸಭೆ ಬೇಕು, ಒಪ್ಪಿದೆ. ಆದರೆ ಇಂಥದ್ದು ಸಮಸ್ಯೆ ಎಂದು ಮೊದಲು ಗುರುತಿಸಿದವರು ಯಾರು? 1990ರ ದಶಕದ ಆರಂಭದ, ಆಂಧ್ರದ ನೆಲ್ಲೂರು ಜಿಲ್ಲೆಯನ್ನು ನೋಡಿ. ಗಂಡ ಕೂಲಿಯ ದುಡ್ಡನ್ನು ಸಾರಾಯಿ ಅಂಗಡಿಗೆ ಸುರಿದು ಬಂದು ಹೆಂಡತಿಯನ್ನು ಬಡಿಯುವುದು ಅವಳ ಹಣೆಬರಹ ಎಂದೇ ನಡೆದುಬಂದಿತ್ತು. ಸಾಕ್ಷರತಾ ಆಂದೋಲನದ ತರಗತಿಗೆ ಬಂದ ಹೆಂಗಸರು ಪಾಠದಲ್ಲಿದ್ದ, ಸಾರಾಯಿಯ ಪಿಡುಗಿನ ಕುರಿತ ಸೀತಮ್ಮನ ಕಥೆ ಓದಿ ತಮ್ಮತಮ್ಮ ಮನೆಯ ಕಥೆ ಹೇಳಿಕೊಂಡರು. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಊರಿನೊಳಕ್ಕೆ ಸಾರಾಯಿ ಬರದಂತೆ ತಡೆದರು. ಸುದ್ದಿ ಊರಿಂದೂರಿಗೆ ಹಬ್ಬಿತು. 1993ರ ಅಕ್ಟೋಬರ್ 1ರಿಂದ ಇಡೀ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷೇಧವಾಯಿತು. ಪಾಠ ಬರೆದವರು ಕಾರ್ಯಕರ್ತರಲ್ಲವೇ ಎಂದು ಕೇಳಬಹುದು. ಹೌದು. ಓದಿ ಮುಚ್ಚಿಡಬಹುದಾಗಿದ್ದ ಆ ಪಾಠವನ್ನು ಹೋರಾಟವಾಗಿಸಿದ್ದು ಅದರ ಸುತ್ತ ನಡೆದ ಮಾತು. ಶಡ್ಸನ್ ಬಯಸುವ ಸಭೆಗೆ ವಿಷಯ ಒದಗಿದ್ದು ಅವರು ಬದಿಗೆ ಸರಿಸಿದ ಜಾಗದಿಂದಲೇ.

ಎರಡನೆಯ ವಾದ: ಜನ ತಮ್ಮಂಥವರೊಡನೆ ಮಾತ್ರ ಮಾತಾಡುತ್ತಾರೆ, ಅದರಿಂದ ಏನೂ ಬದಲಾಗದು. ಇದನ್ನು ಹೇಳಿದವರೇ ಮರುಗಳಿಗೆ ರಾಜಕೀಯ ವಿಜ್ಞಾನಿ ಡಯಾನಾ ಮಟ್ಜ್ ಅವರ 2006ರ ಪುಸ್ತಕ ತೆಗೆಯುತ್ತಾರೆ: ಭಿನ್ನಾಭಿಪ್ರಾಯದವರೊಡನೆ ಒಡನಾಡುವವರು ರಾಜಕೀಯ ಚಟುವಟಿಕೆಯಿಂದ ಹಿಂದೆ ಸರಿಯುತ್ತಾರೆ ಎಂದು. ಹಾಗಾದರೆ ತಮ್ಮವರೊಡನೆ ಆಡಿದರೆ ವ್ಯರ್ಥ, ಬೇರೆಯವರೊಡನೆ ಆಡಿದರೆ ಅಪಾಯ! ಮಾತಿಗೆ ಬಲವಿಲ್ಲ ಎನ್ನುವವರು ಅದು ಜನರನ್ನು ಹಿಂದಕ್ಕೆ ತಳ್ಳುವಷ್ಟು ಬಲಶಾಲಿ ಎಂದು ಹೇಳಲಾಗದು. ಇನ್ನೊಂದು ಸಂಗತಿಯನ್ನು ಅವರು ಮರೆಮಾಚುತ್ತಾರೆ. ಎದುರು ಪಕ್ಷದ ಮಾತು ಕೇಳುವವರಿಗೆ ಅದರ ಹಿಂದಿನ ಕಾರಣಗಳು ಹೆಚ್ಚು ತಿಳಿದಿರುತ್ತವೆ, ಸಹನೆಯೂ ಹೆಚ್ಚಿರುತ್ತದೆ ಎಂದು ಕಂಡುಕೊಂಡವರೂ ಇದೇ ಮಟ್ಜ್.

ಮೂರನೆಯ ಆಕ್ಷೇಪ ಗಂಭೀರವಾದದ್ದು. ಕಟ್ಟೆಯ ಮೇಲೆ ಕೂರುವವರು ಯಾರು? ಬಲಾಢ್ಯ ಜಾತಿಯ ಗಂಡಸರು. ದಲಿತರಿಗೆ ಬೇರೆ ಲೋಟ ಇಟ್ಟ ಹೋಟೆಲುಗಳನ್ನು ಕಂಡ ನಾಡು ಇದು. ಇಷ್ಟೂ ನಿಜ. ಆದರೆ ಇದರಿಂದ ಅವರು ಎಳೆಯುವ ತೀರ್ಮಾನ ನೋಡಿ: ಕಟ್ಟೆ ಬಿಡಿ, ನಿಯಮಬದ್ಧ ಸಭೆಯನ್ನಷ್ಟೇ ನಂಬಿ. ಆ ಸಭೆಯಲ್ಲಾದರೂ ಸಮಾನತೆ ಇದೆಯೇ? ತಮಿಳುನಾಡಿನ ಗ್ರಾಮಸಭೆಗಳಲ್ಲಿ ಆಡಿದ ಮಾತನ್ನೆಲ್ಲ ಬರೆದುಕೊಂಡು ಪರಿಶೀಲಿಸಿದ ಪಾರ್ಥಸಾರಥಿ, ರಾವ್, ಪಳನಿಸ್ವಾಮಿ ಅವರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ಹೆಂಗಸರು ಮಾತಾಡುವುದೂ ಕಡಿಮೆ, ಚರ್ಚೆಗೆ ದಿಕ್ಕು ಕೊಡುವುದೂ ಕಡಿಮೆ, ಅವರಿಗೆ ಅಧಿಕಾರಿಗಳ ಉತ್ತರ ಸಿಗುವುದೂ ಕಡಿಮೆ. ಎರಡೂ ಕಡೆ ಇರುವ ದೋಷವನ್ನು ಒಂದು ಕಡೆಗೆ ಮಾತ್ರ ಹೊರಿಸುವುದು ಯಾವ ನ್ಯಾಯ? ಅಲ್ಲದೆ ಮಾತಿಗೆ ಕಟ್ಟೆಯೊಂದೇ ಜಾಗವೂ ಅಲ್ಲ. ನಾಟಿಯ ಗದ್ದೆಯಲ್ಲಿ, ಬೀಡಿ ಕಟ್ಟುವ ಜಗಲಿಯಲ್ಲಿ, ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೆಂಗಸರು ಯಾರ ಅಪ್ಪಣೆಗೂ ಕಾಯದೆ ಮಾತಾಡುತ್ತಾರೆ. ಗ್ರಾಮಸಭೆಯಲ್ಲಿ ಎದ್ದು ನಿಲ್ಲುವ ಧೈರ್ಯ ಅಲ್ಲಿಯೇ ಕೂಡಿಬರಬೇಕು. ರಾಜಕೀಯ ಚಿಂತಕಿ ಜೇನ್ ಮ್ಯಾನ್ಸ್‌ಬ್ರಿಜ್ 1999ರಲ್ಲೇ ದಿನನಿತ್ಯದ ಮಾತನ್ನೂ ಶಾಸನಸಭೆಯ ಚರ್ಚೆಯನ್ನೂ ಒಂದೇ ವ್ಯವಸ್ಥೆಯ ಭಾಗಗಳೆಂದು ವಾದಿಸಿದ್ದರು.

ಕಟ್ಟೆಯಲ್ಲಿ ಠರಾವೂ ಇಲ್ಲ, ನಡಾವಳಿ ಪುಸ್ತಕವೂ ಇಲ್ಲ ಎಂಬುದು ಕೊನೆಯ ವಾದ. ಇರಬೇಕಾಗಿಯೂ ಇಲ್ಲ. ಅದು ಸಭೆಯ ಕೆಲಸ; ಕಟ್ಟೆಯದು ಸಭೆಗೆ ಸಿದ್ಧವಾಗುವ ಕೆಲಸ. ಕರ್ನಾಟಕದ ಕಾನೂನಿನಂತೆ ಗ್ರಾಮಸಭೆ ಸೇರಬೇಕಾದ್ದು ಕನಿಷ್ಠ ಆರು ತಿಂಗಳಿಗೊಮ್ಮೆ. ನಡುವಿನ ದಿನಗಳಲ್ಲಿ ಜನ ಬಾಯಿ ಮುಚ್ಚಿಕೊಂಡಿದ್ದು ಆ ಒಂದು ಮುಂಜಾನೆ ದಿಢೀರನೆ ವಿಚಾರವಂತ ನಾಗರಿಕರಾಗಬೇಕೇ?

ಗ್ರಾಮಸಭೆಗೆ ಬಂದವರು ಬಾಯಿಯೇ ಬಿಡುವುದಿಲ್ಲ ಎಂದು ದೂರುವ ಅಧಿಕಾರಿಗಳು ಒಂದು ಕೆಲಸ ಮಾಡಲಿ. ಸಭೆಯ ವಿಷಯಪಟ್ಟಿಯನ್ನು, ಹೋದ ವರ್ಷದ ಕಾಮಗಾರಿಯ ಬಿಲ್ಲುಗಳನ್ನು ಎರಡು ವಾರ ಮೊದಲೇ ಡೇರಿಯ ಗೋಡೆಗೆ ಅಂಟಿಸಲಿ, ಮಹಿಳಾ ಸಂಘಗಳಲ್ಲಿ ಓದಿ ಹೇಳಲಿ. ಆಮೇಲೆ ಸಭೆಯಲ್ಲಿ ಏನಾಗುತ್ತದೆ ಎಂಬುದನ್ನು ಓದುಗರೇ ಹೋಗಿ ನೋಡಿ ತೀರ್ಪು ಕೊಡಲಿ.