ಕರಪತ್ರದ ಮೈಲೇಜು, ಮನೆಯ ಮೈಲೇಜು

ಹೊಸ ಗಾಡಿ ಮನೆಗೆ ಬಂದು ಮೂರು ತಿಂಗಳಾಗಿತ್ತು. ಆಯುಧಪೂಜೆಗೆ ಮುಂಚೆಯೇ ಬಾಗಿಲಲ್ಲಿ ನಿಲ್ಲಬೇಕೆಂದು ಸಾಲ ಮಾಡಿ ತಂದ ಮಧ್ಯಮ ಗಾತ್ರದ ಎಸ್.ಯು.ವಿ. ಅದು. ಷೋರೂಮಿನಲ್ಲಿ ಕೊಟ್ಟ ಕರಪತ್ರದಲ್ಲಿ ಲೀಟರಿಗೆ 20 ಕಿಲೋಮೀಟರ್ ಎಂದು ಅಚ್ಚಾಗಿತ್ತು. ಆ ಲೆಕ್ಕದಂತೆ ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ 50 ಲೀಟರ್ ಪೆಟ್ರೋಲು ಸಾಕು. ಆದರೆ ಬಂಕಿನ ರಸೀದಿಗಳನ್ನು ಕೂಡಿದಾಗ ಮೊತ್ತ 70 ಲೀಟರ್ ಮುಟ್ಟಿತ್ತು. ಲೀಟರಿಗೆ ನೂರು ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಎರಡು ಸಾವಿರ ಹೆಚ್ಚುವರಿ ಖರ್ಚು. ಸಾಲದ ಕಂತಿನ ಜೊತೆಗೆ ಇದೊಂದು.

ಅಪ್ಪನಿಗೆ ಮೊದಲು ಅನುಮಾನ ಬಂದದ್ದು ಗಾಡಿಯ ಮೇಲೆ. ಸರ್ವೀಸಿಗೆ ಬಿಟ್ಟಾಗ ದೋಷವೇನೂ ಇಲ್ಲವೆಂದು ಹೇಳಿ ಕಳಿಸಿದರು. ಆಮೇಲೆ ಅನುಮಾನ ಅಮ್ಮನ ಮೇಲೆ ತಿರುಗಿತು. ವಾರದ ದಿನಗಳಲ್ಲಿ ವಿಜಯನಗರದ ಮನೆಯಿಂದ ಎಂ.ಜಿ. ರಸ್ತೆಯ ಬಳಿಯ ಬ್ಯಾಂಕಿಗೆ ಗಾಡಿ ಓಡಿಸುವವರು ಅಮ್ಮ. ದಾರಿಯಲ್ಲಿ ಮಗಳನ್ನು ಕಾಲೇಜಿಗೆ ಬಿಡುತ್ತಾರೆ. ತಿಂಗಳಿಗೊಮ್ಮೆ ಎಲ್ಲರೂ ಪುತ್ತೂರಿನ ಅಜ್ಜನ ಮನೆಗೆ ಹೋಗುವಾಗ ಚಾಲಕ ಅಪ್ಪ.

“ನಾನು ಊರಿಗೆ ಓಡಿಸಿದರೆ ಹದಿನೇಳು ಕೊಡುತ್ತೆ. ನಿನ್ನ ಕೈಗೆ ಹೋದರೆ ಹನ್ನೆರಡು. ಕ್ಲಚ್ಚಿನ ಮೇಲಿಂದ ಕಾಲೇ ತೆಗೆಯುವುದಿಲ್ಲ ನೀನು” ಎಂದರು ಅಪ್ಪ ಒಂದು ಸಂಜೆ.

“ಹಾಗಾದರೆ ನಾಳೆಯಿಂದ ಮೆಟ್ರೋದಲ್ಲೇ ಹೋಗುತ್ತೇನೆ, ಬಿಡಿ. ಗಾಡಿಯ ಬೀಗದ ಕೈ ನೀವೇ ಇಟ್ಟುಕೊಳ್ಳಿ” ಎಂದು ಅಮ್ಮ ಒಳಗೆ ಹೋದರು.

ಮಗಳು ಮೊದಲ ವರ್ಷದ ಪಿ.ಯು.ಸಿ., ವಿಜ್ಞಾನ ವಿಭಾಗ. ಕೆಲಸ ಮತ್ತು ಶಕ್ತಿಯ ಪಾಠ ಆಗಷ್ಟೇ ಮುಗಿದಿತ್ತು. ತಪ್ಪು ಯಾರದೆಂದು ತೀರ್ಮಾನಿಸುವ ಮೊದಲು ಅಳತೆ ಸರಿಯಾಗಿದೆಯೇ ನೋಡಬೇಕು ಎಂದು ಅವಳು ಒಂದು ನೋಟ್ ಪುಸ್ತಕ ತೆಗೆದಳು.

ಮೊದಲ ಪ್ರಶ್ನೆ, ಕರಪತ್ರದ 20 ಎಲ್ಲಿಂದ ಬಂತು? ಅದು ರಸ್ತೆಯಲ್ಲಿ ಓಡಿಸಿ ಅಳೆದ ಸಂಖ್ಯೆಯಲ್ಲ. ಪುಣೆಯ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್‌ನಂಥ ಸಂಸ್ಥೆಗಳ ಪ್ರಯೋಗಾಲಯದಲ್ಲಿ ಗಾಡಿಯ ಚಕ್ರಗಳನ್ನು ರೋಲರುಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮದಡಿ ಮಾಡುತ್ತ ಬಂದಿರುವ ಈ ಪರೀಕ್ಷೆಯ ಅವಧಿ 1180 ಸೆಕೆಂಡ್, ಅಂದರೆ ಇಪ್ಪತ್ತು ನಿಮಿಷಕ್ಕೂ ಕಡಿಮೆ. ‘ಓಡುವ’ ದೂರ ಸುಮಾರು ಹತ್ತೂವರೆ ಕಿ.ಮೀ. ಸರಾಸರಿ ವೇಗ ಗಂಟೆಗೆ ಸುಮಾರು 32 ಕಿ.ಮೀ., ಅತಿ ಹೆಚ್ಚಿನ ವೇಗ 90 ಕಿ.ಮೀ. ಎ.ಸಿ. ಆರಿಸಿರುತ್ತಾರೆ. ಉಬ್ಬು, ಘಟ್ಟ, ಎದುರು ಗಾಳಿ, ಡಿಕ್ಕಿಯಲ್ಲಿ ತೆಂಗಿನಕಾಯಿ ಮೂಟೆ ಯಾವುದೂ ಇಲ್ಲ.

ಹಾಗೆಂದು ಆ ಸಂಖ್ಯೆ ಸುಳ್ಳಲ್ಲ. ಎಲ್ಲ ಗಾಡಿಗಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಅಂಕ ಹಾಕುವ ಕ್ರಮ ಅದು. ಯಾವ ಗಾಡಿ ಯಾವುದಕ್ಕಿಂತ ಮೇಲು ಎಂದು ಹೋಲಿಸಲು ಅದು ಬೇಕೇ ಬೇಕು. ಆದರೆ ಅಮ್ಮ ದಿನವೂ ಬರೆಯುವ ಪ್ರಶ್ನೆಪತ್ರಿಕೆ ಬೇರೆ, ಅಪ್ಪನದು ಬೇರೆ.

ಅಮ್ಮನ ದಾರಿ 9 ಕಿ.ಮೀ. ಮಗಳು ಒಂದು ಬೆಳಿಗ್ಗೆ ಪಕ್ಕದಲ್ಲಿ ಕುಳಿತು ಎಣಿಸಿದಳು. ಸಿಗ್ನಲ್ಲು, ಬಸ್ಸು, ಪಾದಚಾರಿ ಎಲ್ಲ ಸೇರಿ 15 ಬಾರಿ ಗಾಡಿ ಪೂರ್ತಿ ನಿಂತಿತು. ನಿಂತ ಸಮಯ ಒಟ್ಟು 12 ನಿಮಿಷ. ಗಾಡಿ ಮತ್ತು ಇಬ್ಬರು ಸೇರಿ 1400 ಕಿಲೋಗ್ರಾಂ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11.1 ಮೀಟರ್. ಚಲನಶಕ್ತಿಯ ಸೂತ್ರದಲ್ಲಿ, ಅಂದರೆ ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ, ಸುಮಾರು 86 ಸಾವಿರ ಜೂಲ್ ಬರುತ್ತದೆ. ಬ್ರೇಕ್ ಒತ್ತಿದಾಗ ಇಷ್ಟೂ ಶಕ್ತಿ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗಿ ಗಾಳಿಗೆ ಹೋಗುತ್ತದೆ. ಸಿಗ್ನಲ್ಲು ಹಸಿರಾದ ಮೇಲೆ ಎಂಜಿನ್ ಅದನ್ನು ಮೊದಲಿನಿಂದ ಸಂಪಾದಿಸಬೇಕು.

ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 3 ಕೋಟಿ 20 ಲಕ್ಷ ಜೂಲ್. ಅದರಲ್ಲಿ ಚಕ್ರಕ್ಕೆ ತಲಪುವುದು ಹೆಚ್ಚೆಂದರೆ ಕಾಲು ಭಾಗ ಎಂದು ಹಿಡಿಯಬಹುದು. ಉಳಿದದ್ದು ರೇಡಿಯೇಟರಿನಿಂದಲೂ ಹೊಗೆಕೊಳವೆಯಿಂದಲೂ ಬಿಸಿಯಾಗಿ ಹೊರಟುಹೋಗುತ್ತದೆ. ಆದ್ದರಿಂದ ಒಂದು ಸಲ ನಿಂತು ಮತ್ತೆ 40ರ ವೇಗ ಪಡೆಯಲು ಬೇಕಾಗುವುದು ಸುಮಾರು 11 ಮಿ.ಲೀ. ಪೆಟ್ರೋಲು, ಎರಡು ಟೀ ಚಮಚದಷ್ಟು. ಹದಿನೈದು ಸಲಕ್ಕೆ 160 ಮಿ.ಲೀ. ನಿಂತಲ್ಲೇ ಗುರುಗುಟ್ಟುವ ಎಂಜಿನ್ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸು ಕುಡಿಯುತ್ತದೆ, ಎ.ಸಿ. ಹಾಕಿದರೆ ಇನ್ನೂ ಹೆಚ್ಚು. 12 ನಿಮಿಷಕ್ಕೆ 150 ಮಿ.ಲೀ. ಎರಡೂ ಸೇರಿ 310. ಲೀಟರಿಗೆ 12ರ ಲೆಕ್ಕದಲ್ಲಿ ಅಮ್ಮನ ಒಂದು ಪಯಣಕ್ಕೆ ಬೇಕಾದ ಒಟ್ಟು ಪೆಟ್ರೋಲು 750 ಮಿ.ಲೀ. ಅದರಲ್ಲಿ ಐದನೇ ಎರಡು ಪಾಲು ಮುಂದಕ್ಕೆ ಸಾಗುವುದಕ್ಕಲ್ಲ, ನಿಲ್ಲುವುದಕ್ಕೇ ಖರ್ಚಾಗಿತ್ತು!

ಊರಿನ ದಾರಿಯ ಶತ್ರು ಬೇರೆ. ಅಲ್ಲಿ ನಿಲ್ಲುವುದು ಕಡಿಮೆ, ಗಾಳಿಯನ್ನು ಸೀಳುವುದು ಹೆಚ್ಚು. ವಾಯುರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 80ರಿಂದ 120ಕ್ಕೆ ಏರಿಸಿದರೆ ವೇಗ ಒಂದೂವರೆ ಪಟ್ಟಾಯಿತು, ವಾಯುರೋಧ 2.25 ಪಟ್ಟಾಯಿತು. ಎಸ್.ಯು.ವಿ.ಯ ಎದೆ ಅಗಲ, ನಿಲುವು ಎತ್ತರ. ಇಂಥ ಗಾಡಿಗೆ 80ರಲ್ಲಿ ಸುಮಾರು 270 ನ್ಯೂಟನ್ ಇರುವ ವಾಯುರೋಧ 120ರಲ್ಲಿ 600 ನ್ಯೂಟನ್ ಆಗುತ್ತದೆ. ಪ್ರಯೋಗಾಲಯದ ಪರೀಕ್ಷೆ 90ಕ್ಕೆ ಮೇಲೆ ಹೋಗುವುದೇ ಇಲ್ಲವೆಂಬುದನ್ನು ಇಲ್ಲಿ ನೆನಪಿಡಬೇಕು. ಮಾಡಿನ ಮೇಲೆ ಕ್ಯಾರಿಯರ್ ಕಟ್ಟಿ ಸಾಮಾನು ಹೇರಿದರೆ ರೋಧ ಇನ್ನಷ್ಟು ಏರುತ್ತದೆ. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಟೈರು ಹೆಚ್ಚು ಚಪ್ಪಟೆಯಾಗಿ ಉರುಳುವ ಘರ್ಷಣೆಯೂ ಹೆಚ್ಚುತ್ತದೆ.

ಮಗಳ ಪುಸ್ತಕದಲ್ಲಿ ಇನ್ನೊಂದು ಕುತೂಹಲದ ಸಂಗತಿ ದಾಖಲಾಯಿತು. ಪುತ್ತೂರಿಗೆ ಹೋಗುವಾಗ 324 ಕಿ.ಮೀ.ಗೆ 18 ಲೀಟರ್, ಅಂದರೆ ಲೀಟರಿಗೆ 18. ಬರುವಾಗ ಅದೇ ದೂರಕ್ಕೆ 20.25 ಲೀಟರ್, ಲೀಟರಿಗೆ 16. ಗಾಡಿ ಅದೇ, ಚಾಲಕನೂ ಅಪ್ಪನೇ. ಕಾರಣ ಭೂಗೋಳದ ಪಾಠದಲ್ಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಪುತ್ತೂರು ನೂರು ಮೀಟರಿನ ಒಳಗೆ. ಐದು ಜನರೂ ಸಾಮಾನೂ ಸೇರಿ 1600 ಕಿಲೋಗ್ರಾಂ ತೂಕವನ್ನು ಶಿರಾಡಿ ಘಟ್ಟ ಹತ್ತಿಸಿ 800 ಮೀಟರ್ ಮೇಲೆತ್ತಲು ಒಂದು ಕೋಟಿ 25 ಲಕ್ಷ ಜೂಲ್ ಬೇಕು. ಪೆಟ್ರೋಲಿನಲ್ಲಿ ಹೇಳುವುದಾದರೆ ಒಂದೂವರೆ ಲೀಟರ್. ಇಳಿಯುವಾಗ ಅದರಲ್ಲಿ ಒಂದು ಪಾಲು ಮಾತ್ರ ಉಳಿತಾಯವಾಗಿ ಮರಳಿ ಸಿಗುತ್ತದೆ. ಊರಿಗೆ ಹೋದ ದಿನದ ಅಂಕಿಯನ್ನಷ್ಟೇ ಹಿಡಿದು ಬೀಗುವವರು ಇದನ್ನು ಮರೆಯುತ್ತಾರೆ. ಹೋಗಿ ಬಂದ ಮೇಲೆಯೇ ಲೆಕ್ಕ ಪೂರ್ಣ.

ಇಂಧನದ ಪಾಲೂ ಸ್ವಲ್ಪ ಇದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಗಿ ಆಮೇಲೆ ದೇಶದಲ್ಲೆಲ್ಲ ಹರಡಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಐದನೇ ಒಂದು ಪಾಲಿನಲ್ಲಿ ಮೂರನೇ ಒಂದು ಕೊರತೆ ಎಂದರೆ ಲೀಟರಿನ ಶಕ್ತಿಯಲ್ಲಿ ಒಟ್ಟು ಶೇ 6ರಿಂದ 7 ಕಡಿಮೆ. ಈ ಮಿಶ್ರಣಕ್ಕೆ ಹೊಂದಿಸಿದ ಎಂಜಿನ್‌ಗಳಲ್ಲಿ ನಷ್ಟ ಇದಕ್ಕಿಂತ ಕಡಿಮೆಯಾಗಬಹುದು.

ನಿಂತು ಹೊರಡುವುದರಿಂದಾಗುವ ನಷ್ಟ ಎಷ್ಟು ದೊಡ್ಡದೆಂಬುದಕ್ಕೆ ಮಾರುಕಟ್ಟೆಯಲ್ಲೇ ಸಾಕ್ಷಿ ಇದೆ. 2022ರಲ್ಲಿ ಬಂದ ಮಾರುತಿ ಗ್ರ್ಯಾಂಡ್ ವಿಟಾರಾದ ಸಾಮಾನ್ಯ ಮ್ಯಾನುಯಲ್ ಗೇರಿನ ಮಾದರಿಗೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಲೀಟರಿಗೆ 21.11 ಕಿ.ಮೀ. ಅದೇ ಮೈಕಟ್ಟಿನ ಸ್ಟ್ರಾಂಗ್ ಹೈಬ್ರಿಡ್ ಮಾದರಿಗೆ 27.97. ಹೈಬ್ರಿಡ್ ಗಾಡಿ ನಿಧಾನಿಸುವಾಗ ಅದರ ಮೋಟಾರು ಡೈನಮೋ ಆಗಿ ತಿರುಗಿ ಚಲನಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ತುಂಬುತ್ತದೆ. ನಿಂತಾಗ ಎಂಜಿನ್ ಆರಿರುತ್ತದೆ. ಈ ಲಾಭ ಪೇಟೆಯಲ್ಲಿ ದೊಡ್ಡದು, ಒಂದೇ ವೇಗದಲ್ಲಿ ಸಾಗುವ ಹೆದ್ದಾರಿಯಲ್ಲಿ ಚಿಕ್ಕದು. ಹೆಚ್ಚು ಹಣ ಕೊಟ್ಟು ಅಂಥ ಗಾಡಿ ಕೊಳ್ಳಬೇಕೇ ಎನ್ನುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ತಮ್ಮ ಓಡಾಟದಲ್ಲಿ ಪೇಟೆ ಎಷ್ಟು, ಹೆದ್ದಾರಿ ಎಷ್ಟು ಎಂಬುದು.

ಇಷ್ಟಾದರೂ ಅಪ್ಪನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ಸೂತ್ರ ಸರಿಯಮ್ಮ, ಆದರೆ ಓಡಿಸುವವರ ಕಾಲೂ ಲೆಕ್ಕಕ್ಕೆ ಬರುತ್ತಲ್ಲ” ಎಂದರು. ಅದು ನಿಜವೇ. “ಹಾಗಾದರೆ ಅಪ್ಪಾ, ಮೂರು ವಾರ ಆ ದಾರಿಯಲ್ಲಿ ನೀವೇ ಓಡಿಸಿ” ಎಂದಳು ಮಗಳು. ಉಳಿದದ್ದೆಲ್ಲ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸುವುದು ಪ್ರಯೋಗದ ನಿಯಮ.

ಅಳತೆಯ ವಿಧಾನ ಸರಳ. ಬಂಕಿನಲ್ಲಿ ಪೆಟ್ರೋಲು ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆ ಮಾಡುವುದು. ಅರ್ಧ ಟ್ಯಾಂಕಾದರೂ ಖಾಲಿಯಾದ ಮೇಲೆ ಅದೇ ಬಂಕಿನಲ್ಲಿ, ಅದೇ ರೀತಿ ಮತ್ತೆ ತುಂಬಿಸುವುದು. ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರಿನಿಂದ ಭಾಗಿಸುವುದು. ಗಾಡಿಯ ಪರದೆ ತೋರಿಸುವ ಅಂಕಿ ಅಂದಾಜು ಮಾತ್ರ.

ಅಮ್ಮನ ಮೂರು ವಾರಕ್ಕೆ 276 ಕಿ.ಮೀ., 23 ಲೀಟರ್. ಲೀಟರಿಗೆ 12. ಅಪ್ಪನ ಮೂರು ವಾರಕ್ಕೆ 272 ಕಿ.ಮೀ., 23.1 ಲೀಟರ್. ಲೀಟರಿಗೆ 11.8.

ಆ ಸಂಜೆ ಅಪ್ಪ ಕ್ಲಚ್ಚಿನ ಮಾತೆತ್ತಲಿಲ್ಲ. ಬೀಗದ ಕೈಯನ್ನು ತಾವೇ ತಂದು ಅಮ್ಮನ ಚೀಲದ ಪಕ್ಕದಲ್ಲಿಟ್ಟರು. ಅಮ್ಮ ಈಗ ವಾರದಲ್ಲಿ ಮೂರು ದಿನ ಮೆಟ್ರೋದಲ್ಲಿ ಹೋಗುತ್ತಾರೆ, ಸಿಟ್ಟಿನಿಂದಲ್ಲ, ಲೆಕ್ಕ ನೋಡಿ. ಮೈಲೇಜೆಂಬುದು ಗಾಡಿಯ ತೂಕದಂತೆ ಅದಕ್ಕೇ ಅಂಟಿಕೊಂಡ ಗುಣವಲ್ಲ. ಗಾಡಿ, ದಾರಿ, ವೇಗ, ಹೊರೆ ಎಲ್ಲವೂ ಸೇರಿ ಕೊಡುವ ಉತ್ತರ ಅದು. ಹೊಸ ಗಾಡಿ ಕೊಳ್ಳುವ ಮುನ್ನ ಮನೆಯವರು ತಮ್ಮ ದಾರಿಯ ಲೆಕ್ಕ ಹಾಕಿದರೆ ಕೊಂಡ ಮೇಲೆ ಒಬ್ಬರನ್ನೊಬ್ಬರು ದೂರುವುದು ತಪ್ಪುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ: ಒಂದು ಗಾಡಿ ಪೇಟೆಯಲ್ಲಿ 300 ಕಿ.ಮೀ. ದೂರವನ್ನು ಲೀಟರಿಗೆ 10ರಂತೆಯೂ ಹೆದ್ದಾರಿಯಲ್ಲಿ 300 ಕಿ.ಮೀ. ದೂರವನ್ನು ಲೀಟರಿಗೆ 20ರಂತೆಯೂ ಓಡಿತು. ಸರಾಸರಿ 15 ಎಂದು ಬರೆದರೆ ತಪ್ಪು. ಸರಿಯುತ್ತರ 13.3. ಏಕೆಂಬುದನ್ನು ಲೀಟರುಗಳನ್ನು ಕೂಡಿ ನೋಡಿ, ಮನೆಯ ಹಿರಿಯರಿಗೂ ವಿವರಿಸಬಹುದು.