ಹಲವು ಕೈಗಳ ವೈದ್ಯಗ್ರಂಥ

ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶವನ್ನು ರೋಗದ ವಿಷಯದಲ್ಲಿ ನಂಬಬಹುದೆ? 2001ರ ಜನವರಿಯಲ್ಲಿ ವಿಕಿಪೀಡಿಯ ಆರಂಭವಾದಂದಿನಿಂದಲೂ ಈ ಪ್ರಶ್ನೆ ಕೇಳಿಬರುತ್ತಿದೆ. ಕೂಡದೆಂದು ಹೇಳಿ ಸುಮ್ಮನಾಗುವ ವೈದ್ಯರೂ ಗ್ರಂಥಪಾಲರೂ ಉಂಟು. ಅವರ ಅಂಜಿಕೆ ನಿರಾಧಾರವಾದುದಲ್ಲ. ಆದರೆ ದೂರ ನಿಲ್ಲುವುದು ಅದಕ್ಕೆ ಪರಿಹಾರವಲ್ಲವೆಂಬುದು ನಮ್ಮ ಅಭಿಪ್ರಾಯ.

ಡೆಂಗ್ಯೂ ಜ್ವರವನ್ನೇ ತೆಗೆದುಕೊಳ್ಳೋಣ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಇದು ವೈರಸ್ಸಿನಿಂದ ಬರುವ ಬೇನೆ. ಆಂಟಿಬಯಾಟಿಕ್ ಔಷಧಗಳು ವೈರಸ್ಸನ್ನು ಕೊಲ್ಲಲಾರವು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಎಲ್ಲಕ್ಕೂ ಮಿಗಿಲಾಗಿ, ಕೆಲವರಿಗೆ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು. ಆಗ ತೀವ್ರವಾದ ಹೊಟ್ಟೆನೋವು, ಎಡೆಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಾಣಿಸಿಕೊಂಡರೆ ಕೂಡಲೆ ಆಸ್ಪತ್ರೆ ಸೇರಬೇಕು. ಇಷ್ಟು ಸಕಾಲದಲ್ಲಿ ತಿಳಿದರೆ ಪ್ರಾಣ ಉಳಿದೀತು. ಜ್ವರ ಬಿಟ್ಟ ಮೇಲೆ ಭಯವಿಲ್ಲವೆಂಬ ವಾಟ್ಸಾಪ್ ಸಂದೇಶವನ್ನು ನಂಬಿದರೆ ಹೋದೀತು. ಅಂಥ ಸಂದೇಶವನ್ನು ಬರೆದವರಾರು, ಯಾವ ಆಧಾರದ ಮೇಲೆ ಬರೆದರು ಎಂಬುದು ಓದಿದವರಿಗೆ ತಿಳಿಯದು. ತಪ್ಪೆಂದು ಗೊತ್ತಾದ ಮೇಲೂ ಊರೂರು ಸುತ್ತಿದ ಆ ಸಂದೇಶವನ್ನು ಹಿಂದಕ್ಕೆ ಕರೆಯುವವರಿಲ್ಲ.

ವಿಕಿಪೀಡಿಯದ ರೀತಿಯೇ ಬೇರೆ. ಅಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯೂ ಅದರ ದಿನ, ಸಮಯಗಳೊಡನೆ ದಾಖಲಾಗುತ್ತದೆ. ಯಾರಾದರೂ ಕೆಡಿಸಿದರೆ ಹಿಂದಿನ ಪಾಠವನ್ನು ಮತ್ತೆ ನಿಲ್ಲಿಸಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ವೈದ್ಯ ವಿಷಯಗಳಿಗೆ ಇನ್ನೂ ಬಿಗಿಯಾದ ನಿಯಮವುಂಟು: ಒಂದು ಪ್ರಯೋಗದ ಫಲಿತಾಂಶವಷ್ಟೇ ಸಾಲದು, ಅನೇಕ ಪ್ರಯೋಗಗಳನ್ನು ತೂಗಿನೋಡಿ ತಜ್ಞರು ಬರೆದ ಸಮೀಕ್ಷೆಗಳಂಥ ಆಧಾರವೇ ಬೇಕು. ಅಲ್ಲಿಯ ಡೆಂಗ್ಯೂ ಲೇಖನವು ತಜ್ಞರ ಪರಿಶೀಲನೆಯಲ್ಲಿ ಗೆದ್ದು, 2014ರಲ್ಲಿ 'ಓಪನ್ ಮೆಡಿಸಿನ್' ಎಂಬ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗೆಂದ ಮಾತ್ರಕ್ಕೆ ವಿಶ್ವಕೋಶವನ್ನು ನೋಡಿ ಔಷಧದ ಪ್ರಮಾಣವನ್ನು ನಿರ್ಧರಿಸಬಹುದೆಂದು ನಾವು ಹೇಳುತ್ತಿಲ್ಲ. ಅದು ವೈದ್ಯರ ಕೆಲಸ. ಇಂದು ಸರಿಯಾಗಿರುವ ವಾಕ್ಯವನ್ನು ನಾಳೆ ಒಬ್ಬರು ಕೆಡಿಸಬಹುದು. ನೋಡುವ ಕಣ್ಣುಗಳಿಲ್ಲದಿದ್ದರೆ ಆ ತಪ್ಪು ಅಲ್ಲಿಯೇ ನಿಲ್ಲುತ್ತದೆ. ಬಲ್ಲವರೆಲ್ಲರೂ ದೂರ ಉಳಿದರೆ ಕಾಯುವವರು ಯಾರು?

ಈ ಹೊಣೆಯನ್ನು ಹೊತ್ತವರು ಇಲ್ಲದಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವೈದ್ಯ ವಿದ್ಯಾರ್ಥಿಗಳಿಗೆ 2013ರಲ್ಲಿ ವಿಕಿಪೀಡಿಯದ ಲೇಖನಗಳನ್ನು ತಿದ್ದುವುದೇ ಒಂದು ಪಾಠಕ್ರಮವಾಯಿತು. ಪ್ರತಿಯೊಬ್ಬ ಗ್ರಂಥಪಾಲನೂ ಆಧಾರವಿಲ್ಲದ ಒಂದು ವಾಕ್ಯಕ್ಕೆ ಆಧಾರವನ್ನು ಒದಗಿಸಬೇಕೆಂಬ ಆಂದೋಲನ 2016ರಲ್ಲಿ ಮೊದಲಾಯಿತು. ಗ್ರಂಥಪಾಲನಿಗೆ ಇದು ಹೊಸ ಕಸುಬೇನೂ ಅಲ್ಲ. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯವಿಜ್ಞಾನದ ಸಂಶೋಧನ ಕೇಂದ್ರವನ್ನು ಸ್ಥಾಪಿಸಿದ ಎಸ್. ಆರ್. ರಂಗನಾಥನ್ ಅವರು, ಪುಸ್ತಕಗಳನ್ನು ಕೂಡಿಟ್ಟು ಕಾಯುವುದಕ್ಕಿಂತ ಓದುಗನಿಗೆ ಮುಟ್ಟಿಸುವುದೇ ಗ್ರಂಥಾಲಯದ ಧರ್ಮವೆಂದು ಬಹು ಹಿಂದೆಯೇ ಬೋಧಿಸಿದ್ದರು.

ಕನ್ನಡ ವಿಕಿಪೀಡಿಯ 2003ರಲ್ಲಿ ಹುಟ್ಟಿತು. ಇಂಗ್ಲಿಷಿಗಿರುವಷ್ಟು ಕೈಗಳಾಗಲಿ ಕಣ್ಣುಗಳಾಗಲಿ ಅದಕ್ಕಿಲ್ಲ. ಮಗುವಿನ ಜ್ವರದ ಪಕ್ಕದಲ್ಲಿ ಕುಳಿತ ತಾಯಿಗೆ ಕನ್ನಡವೊಂದೇ ಬರುವುದಾದರೆ, ಆಕೆಗೆ ಇಂಗ್ಲಿಷಿನ ಉತ್ತಮ ಲೇಖನದಿಂದ ಪ್ರಯೋಜನವೇನು? ಕೈಗೆ ಬಂದ ಸಂದೇಶವನ್ನೇ ಆಕೆ ನಂಬುತ್ತಾಳೆ. ಆ ತಪ್ಪು ಆಕೆಯದಲ್ಲ.

ಈ ಕೊರತೆಯನ್ನು ತುಂಬಬಲ್ಲವರು ವಿದ್ಯಾರ್ಥಿಗಳು. ಕಾಲೇಜಿನ ಗ್ರಂಥಾಲಯದಲ್ಲಿ ಆಧಾರವನ್ನು ಹುಡುಕಿ, ಬರೆದುದನ್ನು ಬಲ್ಲ ವೈದ್ಯರೊಬ್ಬರಿಗೆ ತೋರಿಸಿ, ಅನಂತರ ತಿಳಿಗನ್ನಡದಲ್ಲಿ ಸೇರಿಸಲಿ. ಯಂತ್ರಾನುವಾದ ಮಾಡಿದ ಹತ್ತು ಪುಟಗಳಿಗಿಂತ ಆಧಾರಸಹಿತವಾದ ಒಂದು ವಾಕ್ಯ ಮೇಲು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ನಮ್ಮ ಗಾದೆ ಇಲ್ಲಿಗೆ ತಕ್ಕುದಾಗಿದೆ.