ಭುಜದ ಆಪರೇಷನ್ನಿಗೆ ಮುಂಚೆ ಎರಡು ಮಾತು

ನಮ್ಮ ಡೊಂಬಿವಲಿ, ಕಲ್ಯಾಣದ ಹೆಂಗಸರ ಭುಜಗಳಿಗೆ ಬಿಡುವೆಂಬುದಿಲ್ಲ. ಬೆಳಿಗ್ಗೆ ಲೋಕಲ್ ಹತ್ತಿದರೆ ಠಾಣೆ ದಾಟುವ ತನಕ ಒಂದು ಕೈ ಮೇಲಿನ ಹಿಡಿಗೆ, ಇನ್ನೊಂದು ಕೈ ಪರ್ಸಿಗೆ. ಮನೆಯಲ್ಲಿ ಛಾವಣಿಯ ಸರಳಿಗೆ ಕೋಲಿನಿಂದ ಬಟ್ಟೆ ಹರವಬೇಕು, ಅಟ್ಟದ ಮೇಲಿನ ಡಬ್ಬ ಇಳಿಸಬೇಕು. ಐವತ್ತು ದಾಟಿದ ಮೇಲೆ ಒಂದು ದಿನ ಜಡೆ ಹೆಣೆಯಲು ಕೈ ಹಿಂದಕ್ಕೆ ಹೋಗುವುದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಭುಜ ಬಿಗಿದುಕೊಳ್ಳುವುದು ಇನ್ನೂ ಹೆಚ್ಚು. ಬಹಳ ಮಂದಿಗೆ ಮಾತ್ರೆ, ವ್ಯಾಯಾಮ ಮತ್ತು ತಾಳ್ಮೆಯಲ್ಲೇ ಗುಣವಾಗುತ್ತದೆ. ಕೆಲವರಿಗೆ ಭುಜದ ಸ್ನಾಯುರಜ್ಜು, ಅಂದರೆ ಡಾಕ್ಟರರು ರೊಟೇಟರ್ ಕಫ್ ಎನ್ನುವುದು, ಹರಿದಿರುತ್ತದೆ. ಅಂಥವರಲ್ಲಿ ಕೆಲವರಿಗೆ ದುರ್ಬೀನಿನ ಆಪರೇಷನ್ ಬೇಕಾಗುತ್ತದೆ. ಆಪರೇಷನ್ ಬೇಕೇ ಬೇಡವೇ ಎಂಬುದು ಡಾಕ್ಟರರಿಗೆ ಬಿಟ್ಟ ವಿಚಾರ. ಬೇಕೆಂದು ನಿಶ್ಚಯವಾದ ಮೇಲೆ, ನೋವಿನ ಬಗ್ಗೆ ರೋಗಿಗೆ ಯಾರು, ಯಾವಾಗ, ಯಾವ ಭಾಷೆಯಲ್ಲಿ ಹೇಳುತ್ತಾರೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಕಳೆದ ವರ್ಷ ನಮ್ಮ ಕಟ್ಟಡದ ಅಜ್ಜಿಯೊಬ್ಬರಿಗೆ ಈ ಆಪರೇಷನ್ ಆಯಿತು. ಅವರು ವಿಜಾಪುರದ ಕಡೆಯವರು. ಮಗ ಸೊಸೆಯ ಜೊತೆ ಇಪ್ಪತ್ತು ವರ್ಷದಿಂದ ಇಲ್ಲಿದ್ದರೂ ಅವರ ಮರಾಠಿ ಭಾಜಿವಾಲಿಯ ಹತ್ತಿರ ಮುಗಿಯುತ್ತದೆ. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಆಪರೇಷನ್ನಿಗೆ ಮುಂಚೆ ಅವರಿಗೆ ಹೇಳಿದ್ದು ಇಷ್ಟೇ: 'ಥೋಡಾ ದುಖೇಗಾ, ಗೋಲಿ ಲೇ ಲೇನಾ.' ಮಧ್ಯಾಹ್ನ ಆಪರೇಷನ್ ಮುಗಿಯಿತು. ಸಂಜೆ ನೋಡಿದರೆ ಕೈ ಕೊರಡಿನಂತೆ ಬಿದ್ದಿದೆ, ಬೆರಳೂ ಆಡುವುದಿಲ್ಲ. 'ಕೈ ಸತ್ತು ಹೋತು' ಎಂದು ಅಜ್ಜಿ ಅತ್ತರು. ರಾತ್ರಿ ಎರಡು ಗಂಟೆಗೆ ಅದೇ ಕೈಯಲ್ಲಿ ಬೆಂಕಿ ಬಿದ್ದಂಥ ನೋವು. ಈಗ 'ಹೊಲಿಗಿ ಎಲ್ಲಾ ಕಿತ್ತು ಬಂದಾವ' ಎಂದು ಚೀರಾಟ. ರಾತ್ರಿಯ ನರ್ಸು ಬಂದು ಹಿಂದಿಯಲ್ಲಿ, ಹತ್ತರಲ್ಲಿ ನೋವು ಎಷ್ಟು ಎಂದು ಕೇಳಿದರಂತೆ. ಅಜ್ಜಿಯ ಉತ್ತರ: 'ರೂಪಾಯದಾಗ ಹನ್ನೆರಡಾಣೆ ಐತಿ!' ಸೊಸೆ ಕಂಗಾಲಾಗಿ ನನಗೆ ಫೋನ್ ಮಾಡಿದಳು. ಹದಿನಾರರಲ್ಲಿ ಹನ್ನೆರಡೆಂದರೆ ಹತ್ತರಲ್ಲಿ ಏಳೂವರೆ ಎಂದು ಲೆಕ್ಕ ಹಾಕಿ ಹೇಳಿದೆ. ಆಗ ಇಂಜೆಕ್ಷನ್ ಸಿಕ್ಕಿತು.

ನಗು ಬರುವ ಮಾತೇ. ಆದರೆ ಮುಂದಿನದು ನಗುವಂಥದಲ್ಲ. ಹೊಲಿಗೆ ಕಿತ್ತಿತ್ತೆಂಬ ಭಯ ಅಜ್ಜಿಯ ಮನಸ್ಸಿನಿಂದ ಹೋಗಲೇ ಇಲ್ಲ. ಡಾಕ್ಟರರು ಆಡಿಸಲು ಹೇಳಿದ್ದ ಬೆರಳು, ಮೊಣಕೈಯನ್ನೂ ಮೂರು ವಾರ ಆಡಿಸಲಿಲ್ಲ. ಭುಜ ಬಿಗಿದುಕೊಂಡು, ಹೊಲಿದ ರಜ್ಜು ಚೆನ್ನಾಗಿದ್ದರೂ ಕೈ ಏಳದಂತಾಯಿತು. ಆಮೇಲೆ ತಿಂಗಳುಗಟ್ಟಲೆ ಫಿಸಿಯೋಥೆರಪಿ.

ಆ ರಾತ್ರಿ ನಡೆದದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಭುಜದ ಆಪರೇಷನ್ನಿನಲ್ಲಿ ಪೂರ್ತಿ ಅರಿವಳಿಕೆಯ ಜೊತೆಗೆ ಬಹಳ ಸಲ ಕುತ್ತಿಗೆಯ ಬುಡದಲ್ಲಿ ನರಗಳ ಸುತ್ತ ಒಂದು ಇಂಜೆಕ್ಷನ್ ಕೊಡುತ್ತಾರೆ. ಇದಕ್ಕೆ ನರ್ವ್ ಬ್ಲಾಕ್ ಎಂದು ಹೆಸರು. ಅದರ ಪ್ರಭಾವ ಹೆಚ್ಚುಕಡಿಮೆ ಅರ್ಧ ದಿನ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ಅಷ್ಟು ಹೊತ್ತು ಕೈ ಮರಗಟ್ಟಿರುವುದು ಸಹಜ. ಕೆಲವರಿಗೆ ಆ ಕಡೆಯ ರೆಪ್ಪೆ ಜೋಲುತ್ತದೆ, ಧ್ವನಿ ಒಡೆಯುತ್ತದೆ, ಉಸಿರು ಸ್ವಲ್ಪ ಕಡಿಮೆಯಾದಂತೆ ಅನಿಸುತ್ತದೆ. ಬ್ಲಾಕ್ ಇಳಿದಂತೆ ಇವೂ ಹೋಗುತ್ತವೆ. (ದಮ್ಮು, ಶ್ವಾಸಕೋಶದ ತೊಂದರೆ ಇದ್ದವರು ಅರಿವಳಿಕೆ ಡಾಕ್ಟರರಿಗೆ ಮುಂಚೆಯೇ ಹೇಳಲೇಬೇಕು.) ಬ್ಲಾಕ್ ಇಳಿಯುವಾಗ ನೋವು ಮೆಲ್ಲಗೆ ಬರುವುದಿಲ್ಲ, ಒಮ್ಮೆಲೇ ನುಗ್ಗುತ್ತದೆ, ಅದೂ ಹೆಚ್ಚಾಗಿ ರಾತ್ರಿ. ಆದ್ದರಿಂದ ನೋವು ಬರಲಿ ಎಂದು ಕಾಯದೆ, ಕೈಗೆ ಜೋಮು ಬಿಡುವ ಮುಂಚೆಯೇ ಡಾಕ್ಟರರು ಬರೆದ ಮಾತ್ರೆ ಶುರುಮಾಡಬೇಕೆನ್ನುತ್ತಾರೆ. ಇಷ್ಟನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲು ಐದು ನಿಮಿಷ ಸಾಕಿತ್ತು.

ಐದು ನಿಮಿಷದ ಮಾತಿನಿಂದ ನೋವು ಕಡಿಮೆಯಾಗುತ್ತದೆಯೇ ಎಂದು ಕೇಳುವವರಿಗೆ ಒಂದು ಹಳೆಯ ಪರೀಕ್ಷೆಯ ಸಂಗತಿ ಹೇಳುತ್ತೇನೆ. ಅಮೆರಿಕದ ಬೋಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆ ವೈದ್ಯರೂ ಅವರ ಸಂಗಡಿಗರೂ ಹೊಟ್ಟೆಯ ಆಪರೇಷನ್ನಿನ 97 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ನೋವು ಎಲ್ಲಿ ಬರುತ್ತದೆ, ಎಷ್ಟು ಜೋರಾಗಿರುತ್ತದೆ, ಎಷ್ಟು ದಿನ ಇರುತ್ತದೆ, ಮೈ ಸಡಿಲ ಬಿಡುವುದು ಹೇಗೆ, ಮಗ್ಗುಲಾಗುವುದು ಹೇಗೆ ಎಂದು ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ಹೇಳಲಿಲ್ಲ. ಯಾರು ಯಾವ ಗುಂಪು ಎಂಬುದು ಸರ್ಜನರಿಗೂ ಗೊತ್ತಿರಲಿಲ್ಲ. ತಿಳಿದುಕೊಂಡವರಿಗೆ ಮಾರ್ಫಿನ್ ಜಾತಿಯ ಔಷಧ ಸುಮಾರು ಅರ್ಧದಷ್ಟೇ ಬೇಕಾಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಇದು ಪ್ರಕಟವಾದದ್ದು 1964ರಲ್ಲಿ! ಭುಜದ ಆಪರೇಷನ್ನಿನವರಿಗೇ ಮುಂಚಿತವಾಗಿ ತಿಳಿವಳಿಕೆ ಕೊಟ್ಟಾಗಲೂ ಅಂಥ ಔಷಧದ ಬಳಕೆ ಕಡಿಮೆಯಾಯಿತೆಂದು 2018ರಲ್ಲಿ ಅಮೆರಿಕದಿಂದಲೇ ಇನ್ನೊಂದು ವರದಿ ಬಂತು. ಮಾತಿನಿಂದ ಗಾಯ ಮಾಯುವುದಿಲ್ಲ, ಒಪ್ಪಿದೆ. ಆದರೆ ನೋವಿನ ಬೆನ್ನಿಗೆ ಬರುವ ಭಯ ಇಳಿಯುತ್ತದೆ, ಅದು ಇಳಿದರೆ ನೋವೂ ಅಷ್ಟು ಇಳಿಯುತ್ತದೆ.

ಇನ್ನು ಭಾಷೆ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಮೆಲ್ಝ್ಯಾಕ್ ಎಂಬವರು 1975ರಲ್ಲಿ ನೋವನ್ನು ಹೇಳುವ 78 ಇಂಗ್ಲಿಷ್ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಒಂದು ಪ್ರಶ್ನಾವಳಿ ಮಾಡಿದರು. ಪದದ ಮೇಲಿಂದ ನೋವಿನ ಜಾತಿ ತಿಳಿಯಲೆಂದು. ನಮ್ಮಲ್ಲೇನು ಪದಗಳಿಗೆ ಬರವೇ? ಚುಚ್ಚು, ಉರಿ, ಸೆಳೆತ, ಸಿಡಿತ, ಜೋಮು, ಚಳಕು. ಉತ್ತರ ಕರ್ನಾಟಕದವರಿಗೆ ಬ್ಯಾನಿ, ತುಳುವರಿಗೆ ಬೇನೆ. ಜೋಮಿಗೂ ಉರಿಗೂ ಡಾಕ್ಟರರ ಲೆಕ್ಕದಲ್ಲಿ ಬಹಳ ವ್ಯತ್ಯಾಸವಿದೆ. ಇವೆಲ್ಲವೂ ಹಿಂದಿಗೆ ಇಳಿಯುವಾಗ 'ಬಹುತ್ ದರ್ದ್' ಎಂಬ ಎರಡೇ ಮಾತಾಗುತ್ತವೆ. ಮನೆಯ ಹಿರಿಯರನ್ನು ತೋರಿಸಲು ಹೋಗುವಾಗ ಮರಾಠಿಯೋ ಹಿಂದಿಯೋ ಚೆನ್ನಾಗಿ ಬಲ್ಲ ಒಬ್ಬರು ಜೊತೆಗಿರಲಿ. ಅವರು ಅಜ್ಜ ಅಜ್ಜಿಯ ಬದಲಿಗೆ ತಾವೇ ಉತ್ತರ ಹೇಳಬಾರದು, ಅವರ ಮಾತನ್ನು ದಾಟಿಸಬೇಕು. ನಮ್ಮ ಮಕ್ಕಳು ಈ ತಪ್ಪು ಬಹಳ ಮಾಡುತ್ತಾರೆ.

ಮನೆಗೆ ಬಂದ ಮೇಲಿನ ಮೊದಲ ಕೆಲವು ರಾತ್ರಿಗಳೇ ಕಠಿಣ. ಮಲಗಿದರೆ ಭುಜದ ನೋವು ಹೆಚ್ಚುತ್ತದೆ. ಬೆನ್ನಿಗೆ ದಿಂಬು ಜೋಡಿಸಿ ಅರ್ಧ ಕೂತಂತೆ ಒರಗಿ, ಮೊಣಕೈ ಹಿಂದಕ್ಕೆ ಜಾರದಂತೆ ಕೆಳಗೊಂದು ಸಣ್ಣ ದಿಂಬು ಇಟ್ಟರೆ ನಿದ್ದೆ ಹತ್ತುತ್ತದೆ. ಐಸ್ ಇಡಲು ಹೇಳಿದ್ದರೆ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ, ಬ್ಯಾಂಡೇಜು ಒದ್ದೆಯಾಗದಂತೆ. ಮಾತ್ರೆಯ ವಿಚಾರದಲ್ಲಿ ಒಂದು ಎಚ್ಚರಿಕೆ: ಟ್ರಮಡಾಲ್ ಇರುವ ಕೆಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಕೂಡ ಸೇರಿರುತ್ತದೆ. ಅದರ ಮೇಲೆ ಮನೆಯ ಕ್ರೋಸಿನ್ ನುಂಗಿದರೆ ಒಂದೇ ಔಷಧ ಎರಡು ಸಲವಾಯಿತು. ಟ್ರಮಡಾಲಿನಿಂದ ವಾಂತಿ, ತಲೆಸುತ್ತು, ಮಲಬದ್ಧತೆ ಬರಬಹುದು. ಬಿ.ಪಿ., ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದವರು ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆಯನ್ನು ಮುಟ್ಟಲೇಬಾರದು.

ರಜ್ಜು ಹೊಲಿದಿದ್ದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಜೋಳಿಗೆಯಲ್ಲಿ ಕೈ. ಆ ಮೇಲೆ, ಕೆಲವರಿಗೆ ಇನ್ನೂ ಮುಂಚೆ, ವ್ಯಾಯಾಮ. ಮೊದಲಿನದು ಬಾಗಿ ನಿಂತು ಕೈಯನ್ನು ಹಳೆಯ ಗಡಿಯಾರದ ಲೋಲಕದಂತೆ ತೂಗಬಿಡುವುದು. ಇದಕ್ಕೆ ಕಾಡ್ಮನ್ ವ್ಯಾಯಾಮವೆಂದೇ ಹೆಸರು. ಕಾಡ್ಮನ್ ಕೂಡ ಬೋಸ್ಟನ್ನಿನ ಸರ್ಜನ್. 1934ರಲ್ಲಿ ಭುಜದ ಮೇಲೆಯೇ ದೊಡ್ಡ ಪುಸ್ತಕ ಬರೆದು 'ಫ್ರೋಝನ್ ಶೋಲ್ಡರ್' ಎಂಬ ಹೆಸರನ್ನು ರೂಢಿಗೆ ತಂದವರು. ವ್ಯಾಯಾಮ ಮಾಡುವಾಗ ಎಳೆದಂತಾಗಿ, ಸ್ವಲ್ಪ ಹೊತ್ತಿನಲ್ಲಿ ಇಳಿಯುವ ನೋವು ಏನೋ ಹರಿಯಿತೆಂಬುದರ ಗುರುತಲ್ಲ. ಮರುದಿನವೂ ಹೆಚ್ಚುತ್ತಲೇ ಹೋದರೆ ಫಿಸಿಯೋಗೆ ಹೇಳಿ. ಭಾರ ಎತ್ತುವ ವ್ಯಾಯಾಮ ಸಾಮಾನ್ಯವಾಗಿ ಮೂರು ತಿಂಗಳ ಸುಮಾರಿಗೆ. ಪೂರ್ತಿ ಸರಿಹೋಗಲು ಆರು ತಿಂಗಳಿಂದ ಒಂದು ವರ್ಷ ಹಿಡಿದೀತು. 'ಹದಿನೈದು ದಿನದಲ್ಲಿ ಚಪಾತಿ ಲಟ್ಟಿಸಬಹುದು' ಎಂದು ಸಮಾಧಾನ ಹೇಳುವ ನೆಂಟರನ್ನು ನಂಬಬೇಡಿ.

ಆಸ್ಪತ್ರೆಯಿಂದ ಹೊರಡುವ ಮುಂಚೆ ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕೆಂದು ಕೇಳಿ, ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದಿಡಿ. ಜ್ವರ, ಗಾಯದಿಂದ ಕೀವು, ಮಾತ್ರೆಗೂ ಬಗ್ಗದೆ ಏರುತ್ತಲೇ ಇರುವ ನೋವು, ಬ್ಲಾಕಿನ ಹೊತ್ತು ಮುಗಿದ ಮೇಲೂ ಉಳಿದ ಮರಗಟ್ಟುವಿಕೆ, ಮೀನಖಂಡದ ಬಾವು: ಇವಕ್ಕೆ ಆ ನಂಬರು. ಎದೆನೋವು, ಏದುಸಿರು ಬಂದರೆ ನಂಬರು ಹುಡುಕುತ್ತಾ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ಹೊರಡಿ.